ವರ್ಷಗಟ್ಟಲೆ ಗಾಳ ಕಾಣದ ತೋಟದ ಕೆರೆ: ಬರಿದು ಮಾಡಿಸ್ಲಾ, ಗಾಳ ಹಾಕ್ಲಾ?

ತೋಟದಮನೆ · ಭಾನುವಾರ, ಬೆಳಿಗ್ಗೆ 8:40

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮ ದೊಡ್ಡಪ್ಪನ ಕಾಫಿ ತೋಟ ಇದೆ. ವಯಸ್ಸಾಯ್ತು ಅಂತ ಅವರು ಈಗ ಮಗಳ ಮನೆಯಲ್ಲಿದ್ದಾರೆ. ತೋಟ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ತೋಟದ ತಗ್ಗಿನಲ್ಲಿ ಒಂದೂವರೆ ಎಕರೆಯಷ್ಟು ಕೆರೆ. ಹೂಮಳೆ (ಕಾಫಿ ಹೂವು ಅರಳಿಸುವ ಬೇಸಿಗೆ ಮಳೆ) ಕೈಕೊಟ್ಟಾಗ ಸ್ಪ್ರಿಂಕ್ಲರ್‌ಗೆ ನೀರೆತ್ತಲು ಕಟ್ಟಿಸಿದ್ದು. ಹೊಸದರಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟಿದ್ದರಂತೆ. ಆಮೇಲೆ ದೊಡ್ಡಪ್ಪ ಯಾರನ್ನೂ ಬಲೆ ಹಿಡಿದು ಹತ್ತಿರ ಬರಲು ಬಿಟ್ಟಿಲ್ಲ. ಹದಿನೈದು ವರ್ಷವಾದರೂ ಆಗಿರಬೇಕು.

ಈಗ ಒಬ್ಬರು ಗುತ್ತಿಗೆದಾರರು ಬಂದು, "ಮೋಟಾರ್ ಇಟ್ಟು ನೀರು ಖಾಲಿ ಮಾಡಿಸ್ತೀನಿ, ಇರೋದನ್ನೆಲ್ಲ ಹಿಡಿದು ತೆಗೀತೀನಿ, ಆಮೇಲೆ ಕ್ಯಾಟ್‌ಫಿಶ್ ಬಿಟ್ಟು ವರ್ಷಕ್ಕೆ ಇಂತಿಷ್ಟು ಅಂತ ಕೊಡ್ತೀನಿ" ಅನ್ನುತ್ತಿದ್ದಾರೆ.

ನನಗೆ ಗಾಳ ಹಾಕುವ ಹುಚ್ಚು ಚಿಕ್ಕಂದಿನಿಂದ ಇದೆ. ಆದರೆ ಅದು ಹೊಳೆ ಬದಿಯ ಗಾಳ, ನಿಂತ ನೀರು ಗೊತ್ತಿಲ್ಲ. ಕೆರೆಯ ಒಂದು ಮಗ್ಗುಲಿಗೆ ಅಂತರಗಂಗೆ ಹಬ್ಬಿದೆ. ಇನ್ನೊಂದು ಕಡೆ ಮುಳುಗಿದ ಮರದ ಬೊಡ್ಡೆಗಳು. ಸಂಜೆ ಹೊತ್ತು ಏನೋ ದೊಡ್ಡದು ನೀರು ಬಡಿದ ಸದ್ದಾಗುತ್ತದೆ. ಕೆಲಸದವರು "ಹತ್ತತ್ತು ಕೆಜಿ ಕಾಟ್ಲಾ ಇದಾವೆ ಸಾರ್" ಅನ್ನುತ್ತಾರೆ. ಯಾರೂ ಹಿಡಿಯದ ಕೆರೆ ಅಂದಮೇಲೆ ಮೀನು ತುಂಬಿ ತುಳುಕುತ್ತಿರಬೇಕು ಅಲ್ವಾ? ಗಾಳ ಹಾಕೋದಾದ್ರೆ ಎಲ್ಲಿಂದ ಶುರು ಮಾಡಲಿ?

ಮಂಡ್ಯದ್‌ಹೈದ · ಬೆಳಿಗ್ಗೆ 8:52

ಅಣ್ಣ, ಮೊದ್ಲು ಲೊಕೇಶನ್ ಕಳ್ಸಿ. ಮಿಕ್ಕಿದ್ದು ಬಂದು ಮಾತಾಡಣ.

ಬೆಂಡುಸೀಸ · ಬೆಳಿಗ್ಗೆ 9:15

ಖಾಲಿ ಮಾಡಿಸೋ ಮಾತು ಸದ್ಯಕ್ಕೆ ಬದಿಗಿಡಿ. ಏನಿದೆ ಅಂತಲೇ ಗೊತ್ತಿಲ್ಲದೆ ಯಾಕೆ ಖಾಲಿ ಮಾಡ್ತೀರಿ?

ಮೊದಲು ಎರಡು ಹೊತ್ತು ಗಾಳ ಇಲ್ಲದೆ ಸುಮ್ನೆ ಏರಿ ಮೇಲೆ ಕೂತು ನೋಡಿ. ಅಂತರಗಂಗೆಯ ಅಂಚಿನಲ್ಲಿ ಒಂದು ಮೀನು ಮೇಲೆ ಬಂದು, ಬಾಯಲ್ಲಿ ಗಾಳಿ ಗುಟುಕರಿಸಿ, 'ಗುಳಕ್' ಅಂತ ಇಳಿದರೆ ಅದು ಕೊರವ (ಹಾವಿನಂಥ ತಲೆಯ ಬೇಟೆ ಮೀನು) ಇರಬಹುದು. ಕೊರವಕ್ಕೆ ಕಿವಿರು ಒಂದೇ ಸಾಲದು, ಮೇಲಿನ ಗಾಳಿಯೂ ಬೇಕು. ಆಗಾಗ ಮೇಲೆ ಬರಲೇಬೇಕು. ನೀರಿನ ತಳದಿಂದ ಸಣ್ಣ ಸಣ್ಣ ಗುಳ್ಳೆಗಳ ಗೊಂಚಲು ಎದ್ದು, ಸುತ್ತ ನೀರು ಕದಡಿದರೆ ಗೆಂಡೆ ಮಣ್ಣು ಕೆದಕುತ್ತಿದೆ ಅಂತ. ದಡದ ಹತ್ತಿರ ತಟ್ಟೆಯಗಲದ ಗುಂಡು ಗುಂಡು ಗುಂಡಿಗಳು ಕಂಡರೆ ಜಿಲೇಬಿ ಮೀನಿನ ಗೂಡು.

ಇದಿಷ್ಟು ನೋಡಿದ ಮೇಲೆ ಗಾಳ ತೆಗೆಯಿರಿ.

ಹಳೇಇಲಾಖೆ · ಬೆಳಿಗ್ಗೆ 10:05

ಮೀನುಗಾರಿಕೆ ಇಲಾಖೆಯಲ್ಲಿದ್ದು ನಿವೃತ್ತನಾದವನು ನಾನು. "ಹಿಡಿಯದ ಕೆರೆ ಅಂದಮೇಲೆ ಮೀನು ತುಂಬಿ ತುಳುಕುತ್ತಿರಬೇಕು" ಅಂದಿರಲ್ಲ, ಅಲ್ಲೇ ಎಲ್ಲರೂ ಎಡವೋದು.

ಕಾಟ್ಲಾ, ರೋಹು, ಮೃಗಾಲ್ ಮೂರೂ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. ಹಿಂದೆಲ್ಲ ಹೊಳೆಯಲ್ಲಿ ಮರಿ ಹಿಡಿದು ತಂದೇ ಕೆರೆಗೆ ಬಿಡಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧರಿ ಮತ್ತು ಅಲಿಕುಂಞಿ ಮೀನಿಗೆ ಪಿಟ್ಯುಟರಿ ಗ್ರಂಥಿಯ ರಸದ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸಿದರು. ಇವತ್ತು ಸರ್ಕಾರಿ ಫಾರ್ಮುಗಳಲ್ಲಿ ಮರಿ ಸಿಗುತ್ತಿದ್ದರೆ ಅದಕ್ಕೆ ಆ ಕೆಲಸವೇ ಕಾರಣ. ಜುಲೈ 10 ಈಗಲೂ ಮೀನು ಕೃಷಿಕರ ದಿನ.

ಹಾಗಾಗಿ ನಿಮ್ಮ ದೊಡ್ಡಪ್ಪ ಬಿಟ್ಟ ಕಾಟ್ಲಾ ಉಳಿದಿದ್ದರೆ ಎಲ್ಲವೂ ಒಂದೇ ವಯಸ್ಸಿನ ಮುದುಕರು. ಬೆರಳೆಣಿಕೆಯಷ್ಟು ಇರಬಹುದು. ಎಷ್ಟೋ ಮಳೆಗಾಲದಲ್ಲಿ ಕೋಡಿ ಹರಿದಾಗ ಹೊರಗೆ ಹೋಗಿರಬಹುದು. ಕೋಡಿಗೆ ಜಾಲರಿ ಇತ್ತಾ?

ನಿಂತ ನೀರಿನಲ್ಲೇ ಸಂಸಾರ ಮಾಡುವವು ಮುಖ್ಯವಾಗಿ ಮೂರು. ಸಾಮಾನ್ಯ ಗೆಂಡೆ, ಅದರ ಮೊಟ್ಟೆ ಕಳೆಗೆ ಅಂಟಿಕೊಳ್ಳುತ್ತದೆ. ಜಿಲೇಬಿ, ಅಂದರೆ ತಿಲಾಪಿಯಾ. ಮತ್ತೆ ಕೊರವ. ಹಿಡಿಯದೇ ಬಿಟ್ಟ ಕೆರೆಯಲ್ಲಿ ಸಾಮಾನ್ಯವಾಗಿ ಗೆಲ್ಲೋದು ಜಿಲೇಬಿ. 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು, ಈಗ ಅದಿಲ್ಲದ ಕೆರೆ ಹುಡುಕಬೇಕು. ಎರಡು ಮೂರು ತಿಂಗಳಿಗೇ ಮರಿ ಮಾಡಲು ಶುರು, ವರ್ಷಕ್ಕೆ ಹಲವು ಸಲ. ಮರಿಗಳನ್ನು ತಾಯಿ ಬಾಯಲ್ಲೇ ಇಟ್ಟು ಕಾಯುತ್ತದೆ, ಸಾಯೋದು ಕಡಿಮೆ. ಕೊನೆಗೆ ಕೆರೆ ತುಂಬಾ ಅಂಗೈಯಗಲದ, ಬೆಳೆಯದ ಮೀನು.

ತೋಟದಮನೆ · ಬೆಳಿಗ್ಗೆ 10:20

ಕೋಡಿಗೆ ಜಾಲರಿ ಇಲ್ಲ ಸರ್. ಮಳೆಗಾಲದಲ್ಲಿ ಕೋಡಿ ಬಿದ್ದರೆ ಕೆಳಗಿನ ಗದ್ದೆವರೆಗೂ ನೀರು ಹೋಗುತ್ತದೆ.

ಹಳೇಇಲಾಖೆ · ಬೆಳಿಗ್ಗೆ 10:24

ಹಾಗಾದ್ರೆ ಗದ್ದೆಯವರು ನಿಮ್ಮ ಕಾಟ್ಲಾ ತಿಂದು ಯಾವಾಗಲೋ ಕೈ ತೊಳೆದುಕೊಂಡಿದ್ದಾರೆ ಬಿಡಿ.

ಬಿಳಿಹೂ · ಬೆಳಿಗ್ಗೆ 11:02

ಮೂಡಿಗೆರೆ ಕಡೆಯವಳು ನಾನು, ನಮ್ಮದೂ ತೋಟ. ಮೀನಿನ ಮಾತು ಆಮೇಲೆ. ಈಗ ಡಿಸೆಂಬರ್. ಈಗ ಮೋಟಾರ್ ಇಟ್ಟು ಕೆರೆ ಬರಿದು ಮಾಡಿದರೆ ಫೆಬ್ರವರಿ ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗೆ ಏನು ಕೊಡ್ತೀರಿ? ಹೂಮಳೆ ಬಂದೇ ಬರುತ್ತೆ ಅಂತ ಕೂರೋಕಾಗುತ್ತಾ? ಗುತ್ತಿಗೆದಾರರು ಕೊಡೋ ದುಡ್ಡು ಒಂದು ರೌಂಡ್ ಸ್ಪ್ರಿಂಕ್ಲರ್ ತಪ್ಪಿದ ನಷ್ಟಕ್ಕೂ ಸಾಲಲ್ಲ.

ಇನ್ನೂ ಒಂದು. ನಿಮ್ಮ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಯಂತ್ರ) ನೀರು ಎಲ್ಲಿಗೆ ಹೋಗುತ್ತೆ ಅಂತ ನೋಡಿ. ಕೊಯ್ಲಿನ ಸಮಯದಲ್ಲಿ ಪಲ್ಪರ್‌ನಿಂದ ಬರೋ ಆ ಹುಳಿ ನೀರು ಕೆರೆಗೆ ಸೇರಿದರೆ ನೀರಲ್ಲಿ ಉಸಿರೇ ಇರಲ್ಲ. ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿದ ಔಷಧಿ) ಹೊಡೆದ ಡ್ರಮ್ಮು, ಗನ್ನು, ಪೈಪು ಕೂಡ ಕೆರೆಯಲ್ಲಿ ತೊಳೆಯಬಾರದು. ಮೈಲುತುತ್ತ ಮೀನಿಗೆ ವಿಷ. ನಮ್ಮ ಮಲೆನಾಡಿನ ನೀರು ಮೆದು ನೀರು, ಅದರಲ್ಲಿ ತಾಮ್ರದ ವಿಷ ಇನ್ನೂ ಜಾಸ್ತಿ ಏರುತ್ತೆ. ನಮ್ಮ ಪಕ್ಕದ ತೋಟದಲ್ಲಿ ಒಂದು ಸಲ ಡ್ರಮ್ ತೊಳೆದ ಮಾರನೇ ದಿನ ಕೆರೆ ತುಂಬಾ ಮೀನು ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲ್ತಿತ್ತು. ವಾಸನೆಗೆ ಲೈನ್ ಮನೆಯ ಕೆಲಸದವರು ಊಟ ಮಾಡೋಕಾಗಲಿಲ್ಲ.

ಮಂಡ್ಯದ್‌ಹೈದ · ಬೆಳಿಗ್ಗೆ 11:10

ಅಕ್ಕ, ಬೋರ್ಡೋ ಕುಡಿದ ಮೀನು ತಿಂದ್ರೆ ನಮ್ಗೆ ಎಲೆಚುಕ್ಕಿ ರೋಗ ಬರಲ್ವಂತಾ?

ಬಿಳಿಹೂ · ಬೆಳಿಗ್ಗೆ 11:13

ನಿಮಗೆ ಮೊದಲೇ ಬಂದಿರೋ ಹಾಗಿದೆ.

ಚಿಕ್ಕೆರೆ · ಮಧ್ಯಾಹ್ನ 12:30

ಎಲ್ಲರೂ ಗುತ್ತಿಗೆದಾರರ ಮೇಲೆ ಬಿದ್ದಿದ್ದೀರಲ್ಲ. ಒಂದೂವರೆ ಎಕರೆ ನೀರು ಸುಮ್ನೆ ಬಿದ್ದಿದೆ, ವರ್ಷಕ್ಕೆ ನಾಲ್ಕು ಕಾಸು ಬಂದರೆ ತಪ್ಪೇನು? ಗಾಳ ಹಿಡಿದು ಕೂತರೆ ತೋಟದ ಕೂಲಿ ಹುಟ್ಟುತ್ತಾ? ಕ್ಯಾಟ್‌ಫಿಶ್ ಬೇಗ ಬೆಳೆಯುತ್ತೆ, ಕೆಟ್ಟ ನೀರಲ್ಲೂ ಬದುಕುತ್ತೆ. ಬೆಂಗಳೂರಲ್ಲಿ ಗಿರಾಕಿ ಇದ್ದಾರೆ. ನಾನೇ ನೋಡಿದ್ದೀನಿ.

ಹಳೇಇಲಾಖೆ · ಮಧ್ಯಾಹ್ನ 12:48

ಚಿಕ್ಕೆರೆಯವರೇ, ಗುತ್ತಿಗೆದಾರರು ಹೇಳ್ತಿರೋದು ಆಫ್ರಿಕನ್ ಕ್ಯಾಟ್‌ಫಿಶ್ ಆಗಿದ್ದರೆ, ಅದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಹಸಿರು ನ್ಯಾಯಮಂಡಳಿಯೂ ಇದರ ಮೇಲೆ ಆದೇಶ ಮಾಡಿದೆ. ಸಿಕ್ಕಿಬಿದ್ದರೆ ಇಲಾಖೆಯವರು ಬಂದು ಗುಂಡಿ ತೋಡಿ ಹೂಳಿಸುತ್ತಾರೆ. ಆಗ ಕೆರೆ ಯಾರ ಹೆಸರಲ್ಲಿದೆ ಅಂತ ನೋಡುತ್ತಾರೆಯೇ ಹೊರತು ಗುತ್ತಿಗೆದಾರರನ್ನು ಹುಡುಕಿಕೊಂಡು ಹೋಗಲ್ಲ.

ಇನ್ನು ಆ ಕೋಡಿಗೆ ಜಾಲರಿ ಬೇರೆ ಇಲ್ಲ. ಮಳೆಗಾಲದಲ್ಲಿ ಒಂದು ಜೋಡಿ ಗದ್ದೆಗಿಳಿದರೆ ಸಾಕು, ಹಳ್ಳ ಹಿಡಿದು ಹೇಮಾವತಿಗೆ ಸೇರುತ್ತೆ. ಅಲ್ಲಿಂದ ಗೊರೂರು ಡ್ಯಾಮಿಗೆ. ಸಿಕ್ಕಿದ್ದೆಲ್ಲ ತಿನ್ನುತ್ತೆ ಅದು. ಮೀನು, ಮೊಟ್ಟೆ, ಕಪ್ಪೆ, ಎಲ್ಲ.

ಚಿಕ್ಕೆರೆ · ಮಧ್ಯಾಹ್ನ 12:55

ಕೊರವ ಏನು ಉಪ್ಪಿಟ್ಟು ತಿನ್ನುತ್ತಾ? ಅದೂ ಮೀನು, ಕಪ್ಪೆ ತಿನ್ನೋ ಜಾತಿಯೇ.

ಬೆಂಡುಸೀಸ · ಮಧ್ಯಾಹ್ನ 1:04

ತಿನ್ನುತ್ತೆ. ಆದ್ರೆ ಇಲ್ಲಿನ ಮೀನು. ಸಾವಿರಾರು ವರ್ಷದಿಂದ ಇಲ್ಲಿನ ಕಪ್ಪೆ ಜೊತೆಗೇ ಬದುಕಿದೆ. ಮತ್ತೆ ಜಿಲೇಬಿ ಮರಿಗಳನ್ನು ಹತೋಟಿಯಲ್ಲಿ ಇಡೋದು ಇದೇ ಕೊರವ. ಅದನ್ನೇ ಹಿಡಿದು ಮಾರಿಬಿಟ್ಟರೆ ಕೆರೆ ತುಂಬಾ ಚಿಲ್ಲರೆ ಜಿಲೇಬಿ ಉಳಿಯುತ್ತೆ.

ಜಾರ್ಜಿಯಾಕನ್ನಡಿಗ · ಮಧ್ಯಾಹ್ನ 3:40

ಅಮೆರಿಕದ ಜಾರ್ಜಿಯಾದಿಂದ ಬರೀತಾ ಇದ್ದೀನಿ. ಇಲ್ಲಿ ಇದೇ ಪ್ರಶ್ನೆ ದಿನಾ ಕೇಳ್ತಾರೆ, ಮೀನು ಮಾತ್ರ ಬೇರೆ. ಹೊಲದ ನಡುವಿನ ಖಾಸಗಿ ಕೆರೆ, ಯಜಮಾನರು ವರ್ಷಗಟ್ಟಲೆ ಯಾರಿಗೂ ಬಿಟ್ಟಿರಲ್ಲ. ಅದರಲ್ಲಿ ಲಾರ್ಜ್‌ಮೌತ್ ಬಾಸ್ ಇರುತ್ತೆ. ದೊಡ್ಡ ಬಾಯಿ, ಮರದ ಬೊಡ್ಡೆ ಸಂದಿಯಲ್ಲಿ ಹೊಂಚು ಹಾಕೋದು, ಎದುರು ಬಂದಿದ್ದನ್ನು ನುಂಗೋದು. ಸ್ವಭಾವದಲ್ಲಿ ನಮ್ಮ ಕೊರವನ ದಾಯಾದಿ ಅನ್ನಿ.

ನಮ್ಮ ಪಕ್ಕದ ಅಜ್ಜನ ಕೆರೆ ಹಾಗೇ ಇತ್ತು. ತುಂಬಾ ಸಲ ಮಾತಾಡಿಸಿ, ಬೇಲಿ ರಿಪೇರಿಗೆ ಕೈ ಜೋಡಿಸಿದ ಮೇಲೆ ಗಾಳ ಹಾಕೋಕೆ ಬಿಟ್ಟರು. ಅಬ್ಬಾ, ಎಸೆದ ಕಡೆಯೆಲ್ಲ ಮೀನು! ಆದರೆ ಎಲ್ಲವೂ ಹತ್ತು ಹನ್ನೆರಡು ಇಂಚು. ತಲೆ ಮಾತ್ರ ದಪ್ಪ, ಹೊಟ್ಟೆ ಒಳಕ್ಕೆ ಹೋಗಿದೆ, ಬೆನ್ನು ಚೂಪಾಗಿದೆ. ತಿನ್ನೋಕಿಲ್ಲದೆ ಬೆಳವಣಿಗೆ ನಿಂತಿರೋ ಮೀನು. ಯಾರೂ ಹಿಡಿಯದೆ ಬಾಸ್ ಜಾಸ್ತಿಯಾಗಿ, ಅವುಗಳ ಆಹಾರವಾದ ಬ್ಲೂಗಿಲ್ ಮರಿಗಳೆಲ್ಲ ಖಾಲಿಯಾಗಿದ್ದವು. ಅಲ್ಲೊಂದು ಇಲ್ಲೊಂದು ಬ್ಲೂಗಿಲ್ ಮಾತ್ರ ಅಂಗೈ ಮೀರಿ ಬೆಳೆದಿತ್ತು. ಪೈಪೋಟಿ ಇಲ್ಲವಲ್ಲ.

ಇದನ್ನು ಮೊದಲು ಸರಿಯಾಗಿ ಅಳೆದು ನೋಡಿದ್ದು ಪಕ್ಕದ ಅಲಬಾಮಾದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ಅನ್ನೋ ವಿಜ್ಞಾನಿ. ಕೆರೆಗಳಿಗೆ ಇಷ್ಟಿಷ್ಟು ಅಂತ ಮೀನು ಬಿಟ್ಟು, ಆಮೇಲೆ ನೀರು ಪೂರ್ತಿ ಬಸಿದು, ಒಂದೊಂದೂ ತೂಗಿದರು. ತಿನ್ನೋ ಮೀನು ಮತ್ತು ತಿನ್ನಿಸಿಕೊಳ್ಳೋ ಮೀನಿನ ನಡುವೆ ಸಮತೋಲ ತಪ್ಪಿದರೆ ಎರಡೂ ಕೆಡುತ್ತವೆ ಅಂತ ಅದರಿಂದ ಗೊತ್ತಾಯ್ತು.

ಅಜ್ಜನಿಗೆ ಹೇಳಿ ಸಣ್ಣ ಬಾಸ್‌ಗಳನ್ನೆಲ್ಲ ಹಿಡಿದು ತಿಂದ್ವಿ. ಎರಡು ವರ್ಷದಲ್ಲಿ ಉಳಿದವು ಗುಂಡಗಾದವು. ಇಲ್ಲಿ "ಹಿಡಿದು ಬಿಡು" ಅನ್ನೋದು ಒಂದು ವ್ರತದ ಥರ. ಆದರೆ ಇಂಥ ಕೆರೆಗೆ ಅದೇ ಶತ್ರು.

ಚಿಕ್ಕೆರೆ · ಮಧ್ಯಾಹ್ನ 3:52

ನೋಡಿ, ಆ ವಿಜ್ಞಾನಿನೂ ಬರಿದು ಮಾಡಿಯೇ ನೋಡಿದ್ದು!

ಜಾರ್ಜಿಯಾಕನ್ನಡಿಗ · ಮಧ್ಯಾಹ್ನ 4:01

ಅವರ ಕೆರೆಗೆ ಕಾಫಿ ಹೂವಿನ ಚಿಂತೆ ಇರಲಿಲ್ಲ ಸ್ವಾಮಿ.

ಕಾವೇರಿದಂಡೆ · ಸಂಜೆ 5:20

ಬಾಸ್ ಅಂತ ಅಷ್ಟು ಹೊಗಳ್ತಾರಲ್ಲ, ಎಷ್ಟು ದೊಡ್ಡದಾಗುತ್ತೆ ಅದು?

ಜಾರ್ಜಿಯಾಕನ್ನಡಿಗ · ಸಂಜೆ 5:41

ದಾಖಲೆ 22 ಪೌಂಡ್ 4 ಔನ್ಸ್, ಅಂದರೆ ಸುಮಾರು 10 ಕೆಜಿ. 1932ರ ಜೂನ್ 2ರಂದು ಇದೇ ಜಾರ್ಜಿಯಾದ ಮಾಂಟ್ಗೊಮೆರಿ ಲೇಕ್‌ನಲ್ಲಿ ಜಾರ್ಜ್ ಪೆರ್ರಿ ಅನ್ನೋ ರೈತನ ಗಾಳಕ್ಕೆ ಬಿತ್ತು. ಹೆಸರಿಗೆ ಲೇಕ್, ನಿಜಕ್ಕೂ ಹೊಳೆಯ ಹಳೇ ಪಾತ್ರದಲ್ಲಿ ನಿಂತ ನೀರು. ತೂಗಿ, ಬರೆಸಿ, ಮನೆಗೆ ಒಯ್ದು ಅಡುಗೆ ಮಾಡಿ ತಿಂದರು! 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದಿದ್ದು ಅದಕ್ಕಿಂತ ಒಂದೇ ಔನ್ಸ್‌ನಷ್ಟು ಜಾಸ್ತಿ. ದಾಖಲೆ ಮುರಿಯೋಕೆ ಕನಿಷ್ಠ ಎರಡು ಔನ್ಸ್ ಮೀರಬೇಕು, ಹಾಗಾಗಿ ಇಬ್ಬರ ಹೆಸರೂ ಜೊತೆಗೇ ಇದೆ.

ಕಾವೇರಿದಂಡೆ · ಸಂಜೆ 5:50

ಹತ್ತು ಕೆಜಿಗೆ ಇಷ್ಟು ಗಲಾಟೆನಾ! ನಮ್ಮ ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವಾನ್ ಇಂಗನ್ 120 ಪೌಂಡ್ ಮಹಶೀರ್ ಹಿಡಿದಿದ್ದರು. 54 ಕೆಜಿ ಮೇಲೆ. ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವ ಇರೋ ಹಾಗೆ ನಿಲ್ಲಿಸ್ತಿದ್ರಲ್ಲ, ಅದೇ ಮನೆತನ.

ಹಳೇಇಲಾಖೆ · ಸಂಜೆ 6:05

ಈಗ ಆ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿನಲ್ಲಿದೆ. 2018ರಿಂದ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಹೊಳೆಗೆ ಹೊರಗಿನ ಮೀನು ಬಿಟ್ಟಿದ್ದೂ ಅದಕ್ಕೆ ಒಂದು ಕಾರಣ. ನಾನು ಕ್ಯಾಟ್‌ಫಿಶ್ ಬೇಡ ಅನ್ನೋದು ಸುಮ್ನೆ ಅಲ್ಲ.

ಮೀನೂಟಪ್ರಿಯೆ · ಸಂಜೆ 6:30

ಕುಂದಾಪುರದವಳು ನಾನು. ಕೆರೆ ಮೀನು ಅಂದ್ರೆ ಮಣ್ಣು ವಾಸನೆ ಮಾರಾಯ್ರೆ, ಅದನ್ನು ಹೇಗೆ ತಿಂತೀರಿ ನೀವೆಲ್ಲ?

ಮಂಡ್ಯದ್‌ಹೈದ · ಸಂಜೆ 6:33

ಮುದ್ದೆ ಜೊತೆ.

ಬಿಳಿಹೂ · ಸಂಜೆ 6:45

ಕಲ್ಲುಪ್ಪು, ಅರಿಶಿನ ಹಾಕಿ ಚೆನ್ನಾಗಿ ಉಜ್ಜಿ ತೊಳೆದು, ಹುಳಿ ನೀರಲ್ಲಿ ಸ್ವಲ್ಪ ಹೊತ್ತು ಬಿಡಿ. ವಾಸನೆ ಹೋಗುತ್ತೆ. ಕೊಡಗಿನ ಕಾಚಂಪುಳಿ (ಹಣ್ಣಿನಿಂದ ಮಾಡೋ ಕಪ್ಪು ಹುಳಿ) ಹಾಕಿದರೆ ಕೇಳೋದೇ ಬೇಡ. ಕೊರವಕ್ಕೆ ಮುಳ್ಳು ಕಡಿಮೆ, ಮಕ್ಕಳಿಗೂ ಕೊಡಬಹುದು. ಜಿಲೇಬಿಯನ್ನು ಗೀರಿ, ಕಾಳುಮೆಣಸು ಹಚ್ಚಿ, ಗರಿಗರಿ ಹುರಿದರೆ ಸಮುದ್ರದ ಮೀನಿನವರೂ ಸುಮ್ಮನಾಗ್ತಾರೆ.

ಮೀನೂಟಪ್ರಿಯೆ · ಸಂಜೆ 6:50

ನಾನು ಸುಮ್ಮನಾಗಲ್ಲ. ಬಂಗುಡೆ ಮುಂದೆ ಇದೆಲ್ಲ ಎಂತ?

ಆಲೂರಿನವ · ರಾತ್ರಿ 8:10

ಎಲ್ಲರೂ ಮೀನಿನಲ್ಲೇ ಮುಳುಗಿದ್ದೀರಿ. ಸಕಲೇಶಪುರ, ಆಲೂರು, ಬೇಲೂರು ಕಡೆ ಕೆರೆಗೆ ಹೋಗೋ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ. ಆನೆ ಎಲ್ಲಿದೆ? ಸಂಜೆ "ಏನೋ ದೊಡ್ಡದು ನೀರು ಬಡಿದ ಸದ್ದು" ಅಂದ್ರಲ್ಲ, ಅದು ಕಾಟ್ಲಾನೇ ಅಂತ ಹೇಗೆ ಹೇಳ್ತೀರಿ? ಅರಣ್ಯ ಇಲಾಖೆಯ ಮೆಸೇಜ್ ನೋಡದೆ ಮುಂಜಾನೆ ಮಬ್ಬಲ್ಲಿ, ಸಂಜೆ ಆರರ ಮೇಲೆ ಕೆರೆ ಕಡೆ ಕಾಲಿಡಬೇಡಿ. ತಮಾಷೆ ಮಾಡ್ತಿಲ್ಲ. ಏರಿ ಮೇಲೆ ಲದ್ದಿ ಇದ್ಯಾ ನೋಡಿ.

ತೋಟದಮನೆ · ರಾತ್ರಿ 8:31

ಲದ್ದಿ ಇದೆ. ಹಳೇದು. ಕೆಲಸದವರನ್ನು ಕೇಳಿದೆ, ಹೋದ ತಿಂಗಳು ಎರಡು ಆನೆ ಬಂದು ನೀರಾಡಿ ಹೋಗಿದ್ದವಂತೆ. ನನಗೆ ಯಾರೂ ಹೇಳೇ ಇರಲಿಲ್ಲ!

ಬೆಂಡುಸೀಸ · ರಾತ್ರಿ 9:00

ಒಳ್ಳೇದೇ ಆಯ್ತು. ಈ ಚಳಿಗೆ ಬೆಳಿಗ್ಗೆ ಆರಕ್ಕೆ ಕೊರವ ಬಾಯೇ ತೆರೆಯಲ್ಲ. ಬಿಸಿಲು ಏರಿ ಮೇಲಿನ ನೀರು ಬೆಚ್ಚಗಾದ ಮೇಲೆ, ಹತ್ತರಿಂದ ಮೂರರವರೆಗೆ ಹಾಕಿ. ಆನೆ ಹಗಲಲ್ಲೂ ತೋಟದೊಳಗೇ ಇರಬಹುದು, ವಿಚಾರಿಸಿಕೊಂಡೇ ಹೋಗಿ. ಒಬ್ಬರೇ ಹೋಗಬೇಡಿ.

ಈಗ ಗಾಳದ ವಿಷಯ. ಮೊದಲು ಏನಿದೆ ಅಂತ ತಿಳಿಯೋಕೆ ದುಬಾರಿ ರಾಡು ಬೇಡ. ಬಿದಿರು ಕೋಲು, ಟಂಗೂಸು, ಸಣ್ಣ ಗಾಳ, ಬೆಂಡು, ಎರೆಹುಳ. ಎರೆಹುಳ ಎಲ್ಲದಕ್ಕೂ ಇಷ್ಟ. ಬೆಂಡು ಕುಟುಕುಟು ಅಂತ ಕುಣಿದು ಪಕ್ಕಕ್ಕೆ ಸರಿದರೆ ಹೆಚ್ಚಾಗಿ ಜಿಲೇಬಿ. ಬೆಂಡು ಅಡ್ಡ ಮಲಗಿ, ಯೋಚನೆ ಮಾಡಿ, ಆಮೇಲೆ ನಿಧಾನಕ್ಕೆ ಹೊರಟರೆ ಗೆಂಡೆ.

ಗೆಂಡೆ, ಉಳಿದಿದ್ದರೆ ರೋಹುವಿಗೆ, ಕಡ್ಲೆಕಾಯಿ ಹಿಂಡಿ ನೆನೆಸಿ, ಗೋಧಿ ಹಿಟ್ಟು, ಚೂರು ಬೆಲ್ಲ ಸೇರಿಸಿ ಉಂಡೆ ಕಟ್ಟಿ. ಹಿಂದಿನ ದಿನವೇ ಒಂದೇ ಜಾಗಕ್ಕೆ ನಾಲ್ಕು ಉಂಡೆ ಎಸೆದು ಬನ್ನಿ. ಮಾರನೇ ದಿನ ಅಲ್ಲೇ ಗಾಳ.

ಕೊರವಕ್ಕೆ ಮಾತ್ರ ರಾಡು ರೀಲು ಬೇಕು. ಮೂವತ್ತು ನಲವತ್ತು ಪೌಂಡಿನ ಬ್ರೇಡ್ ದಾರ, ರಬ್ಬರ್ ಕಪ್ಪೆ. ಅದರ ಎರಡು ಗಾಳವೂ ಬೆನ್ನ ಮೇಲೆ ಅಂಟಿಕೊಂಡಿರುತ್ತವೆ, ಹಾಗಾಗಿ ಅಂತರಗಂಗೆ ಮೇಲೆ ಎಳೆದರೂ ಸಿಕ್ಕಿಕೊಳ್ಳಲ್ಲ. ಕಳೆ ಮೇಲೆ ಎಸೆದು, ಚೂರು ಚೂರೇ ಎಳೆದು, ಎಲೆ ಮುಗಿದು ನೀರು ಕಾಣೋ ತೂತಿನಲ್ಲಿ ನಿಲ್ಲಿಸಿ. ಅಲ್ಲೇ ಬೀಳೋದು ಏಟು. ನೀರು ಸಿಡಿದ ತಕ್ಷಣ ಎಳೆದರೆ ಕಪ್ಪೆ ನಿಮ್ಮ ಮುಖಕ್ಕೆ ವಾಪಸ್ ಬರುತ್ತೆ. ತಡೀರಿ. ದಾರ ಬಿಗಿಯಾಗಿ, ಭಾರ ಕೈಗೆ ಬಂದ ಮೇಲೆ ಎತ್ತಿ ಹೊಡೀರಿ. ಆಮೇಲೆ ಸಡಿಲ ಕೊಡಬೇಡಿ, ಕಳೆ ಬುಡಕ್ಕೆ ನುಗ್ಗಿದರೆ ಮುಗೀತು.

ಆಮೆ ಸಿಕ್ಕಿದರೆ ಗಾಳ ಬಿಡಿಸಿ ನೀರಿಗೆ ಬಿಡಿ. ವನ್ಯಜೀವಿ ಕಾಯ್ದೆಗೆ ಬರುತ್ತೆ ಅದು.

ಹಳೇಇಲಾಖೆ · ರಾತ್ರಿ 9:22

ಚೆನ್ನಾಗಿ ಹೇಳಿದ್ದಾರೆ. ಒಂದು ಸೇರಿಸ್ತೀನಿ. ಹಿಡಿದ ಪ್ರತಿ ಮೀನಿನ ಉದ್ದ ಒಂದು ಪುಸ್ತಕದಲ್ಲಿ ಬರೆದಿಡಿ. ಎಲ್ಲವೂ ಒಂದೇ ಅಳತೆ ಬಂದರೆ ಕೆರೆಯ ಆರೋಗ್ಯ ಸರಿ ಇಲ್ಲ. ಸಣ್ಣದು, ನಡುವಿನದು, ದೊಡ್ಡದು ಎಲ್ಲ ಬರಬೇಕು.

ಜೂನ್‌ನಿಂದ ಕೊರವಕ್ಕೆ ಗಾಳ ಬೇಡ. ಆಗ ದಡದ ಹತ್ತಿರ ಕೆಂಪು ಕೆಂಪು ಮರಿಗಳ ಹಿಂಡು ಬುಗ್ಗೆಯಂತೆ ಮೇಲೆ ಕೆಳಗೆ ಆಡ್ತಿರುತ್ತೆ. ಕೆಳಗೆ ಅಪ್ಪ ಅಮ್ಮ ಕಾವಲಿರ್ತಾರೆ. ಹಿಂಡಿನ ಮೇಲೆ ಏನು ಬಿದ್ದರೂ ಹಸಿವಿಲ್ಲದಿದ್ದರೂ ಕಚ್ಚುತ್ತವೆ. ಕೆಲವರಿಗೆ ಅದೇ ಸುಲಭದ ಬೇಟೆ. ಕಾವಲು ಹೋದರೆ ಮರಿಗಳನ್ನು ಒಂದೇ ದಿನಕ್ಕೆ ಜಿಲೇಬಿ, ಕೊಕ್ಕರೆ, ನೀರುಹಾವು ಮುಗಿಸ್ತವೆ.

ಮಂಡ್ಯದ್‌ಹೈದ · ರಾತ್ರಿ 9:30

ಇದು ನಿಜ ಸಾರ್. ನಮ್ಮೂರ ನಾಲೆ ಪಕ್ಕದ ಹೊಂಡದಲ್ಲಿ ಹುಡುಗ್ರು ಮರಿ ಹಿಂಡು ನೋಡ್ಕೊಂಡು ಅಲ್ಲೇ ಗಾಳ ಬಿಡ್ತಿದ್ರು. ಈಗ ಆ ಹೊಂಡದಲ್ಲಿ ಕೊರವನೇ ಇಲ್ಲ.

ತೋಟದಮನೆ · ಮುಂದಿನ ಭಾನುವಾರ, ಸಂಜೆ 7:15

ವರದಿ ಒಪ್ಪಿಸೋಕೆ ಬಂದೆ. ಶನಿವಾರ, ಭಾನುವಾರ ಎರಡೂ ದಿನ ಹೋಗಿದ್ದೆ. ಜೊತೆಗೆ ತೋಟದ ರೈಟರ್ (ಲೆಕ್ಕ ಬರೆಯೋರು), ಅವರ ಮಗ. ಆನೆ ಆ ಕಡೆ ಇರಲಿಲ್ಲ, ವಿಚಾರಿಸಿಕೊಂಡೇ ಹೋದೆವು.

ಎರೆಹುಳಕ್ಕೆ ಬರೀ ಜಿಲೇಬಿ. ಗಾಳ ಮುಳುಗೋದೇ ತಡ, ಎಳೆದಾಯ್ತು. ರೈಟರ್ ಮಗ ಬಕೆಟ್ ತುಂಬಿಸಿದ. ಒಂದೂ ಅಂಗೈ ದಾಟಿಲ್ಲ. ಅಷ್ಟು ಪುಟ್ಟ ಮೀನಿನ ಹೊಟ್ಟೆಯಲ್ಲೂ ಮೊಟ್ಟೆ! ಹಳೇಇಲಾಖೆ ಸರ್ ಹೇಳಿದ ಹಾಗೇ.

ಹಿಂಡಿ ಉಂಡೆಗೆ ಒಂದು ಸಾಮಾನ್ಯ ಗೆಂಡೆ ಬಂತು, ಮೂರು ಕೆಜಿ ಹತ್ತಿರ. ದಪ್ಪಗೆ, ಚಿನ್ನದ ಬಣ್ಣ. ಕಾಟ್ಲಾ ಒಂದೂ ಕಾಣಲಿಲ್ಲ.

ಕೊರವ ಇದೆ. ಭಾನುವಾರ ಹನ್ನೊಂದರ ಬಿಸಿಲಿಗೆ ಅಂತರಗಂಗೆ ಮೇಲೆ ರಬ್ಬರ್ ಕಪ್ಪೆ ಎಳೀತಿದ್ದೆ. ಹಿಂದೆ ಎಲೆಗಳು ಒಂದೊಂದಾಗಿ ಎದ್ದು ಕೂರುತ್ತಾ ಬಂದವು, ಕೆಳಗೇನೋ ಹಿಂಬಾಲಿಸಿಕೊಂಡು ಬರ್ತಿದೆ. ತೂತಿಗೆ ಬಂದು ನಿಲ್ಲಿಸಿದೆ. ಒಂದು, ಎರಡು, ಏನೂ ಇಲ್ಲ. ಕಪ್ಪೆಯನ್ನು ಚೂರು ನಡುಗಿಸಿದೆ ಅಷ್ಟೇ, ಕೊಡ ಬಿದ್ದ ಹಾಗೆ ಸದ್ದು! ತಡೆದೆ, ದಾರ ಬಿಗಿಯಾಯ್ತು, ಎತ್ತಿದೆ. ದಡಕ್ಕೆ ಬರೋವರೆಗೂ ಅರ್ಧ ಕೆರೆಯ ಕಳೆ ಜೊತೆಗೇ ಬಂತು. ಟೇಪ್ ಹಿಡಿದರೆ 58 ಸೆಂಟಿಮೀಟರ್. ಹೊಟ್ಟೆ ದಪ್ಪಗಿತ್ತು, ಜಿಲೇಬಿ ತಿಂದು ಕೊಬ್ಬಿದೆ. ಬಿಟ್ಟುಬಿಟ್ಟೆ. ರೈಟರ್ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ.

ಗುತ್ತಿಗೆದಾರರಿಗೆ ಬೇಡ ಅಂದೆ. "ಯಾವ ಕ್ಯಾಟ್‌ಫಿಶ್" ಅಂತ ಕೇಳಿದ್ದಕ್ಕೆ ಮಾತು ಬದಲಾಯಿಸಿದರು.

ಜಾರ್ಜಿಯಾಕನ್ನಡಿಗ · ಸಂಜೆ 7:40

ಸೂಪರ್! ನಿಮ್ಮದು ನಮ್ಮ ಅಜ್ಜನ ಕೆರೆಗೆ ಉಲ್ಟಾ. ಅಲ್ಲಿ ಬೇಟೆಗಾರ ಜಾಸ್ತಿ, ಆಹಾರ ಕಡಿಮೆ. ನಿಮ್ಮಲ್ಲಿ ಆಹಾರ ಜಾಸ್ತಿ, ಬೇಟೆಗಾರ ಕಡಿಮೆ. ಕೊರವ ಬಿಟ್ಟಿದ್ದು ಸರಿ, ಜಿಲೇಬಿ ಒಂದನ್ನೂ ವಾಪಸ್ ಬಿಡಬೇಡಿ.

ಚಿಕ್ಕೆರೆ · ರಾತ್ರಿ 8:05

ಕ್ಯಾಟ್‌ಫಿಶ್ ಬೇಡ, ಒಪ್ಪಿದೆ, ಕಾನೂನು ಅಂದಮೇಲೆ ಆಯ್ತು. ಆದ್ರೆ ಗಾಳದಲ್ಲಿ ಒಂದೊಂದೇ ಜಿಲೇಬಿ ಹಿಡಿದು ಕೆರೆ ಸರಿಮಾಡ್ತೀನಿ ಅನ್ನೋದು ಆಗದ ಕೆಲಸ. ನೀವು ಒಂದು ಬಕೆಟ್ ಹಿಡಿಯೋ ಹೊತ್ತಿಗೆ ಅಲ್ಲಿ ಎರಡು ಬಕೆಟ್ ಮರಿ. ಬಲೆ ಹಾಕಿಸಲೇಬೇಕು.

ಹಳೇಇಲಾಖೆ · ರಾತ್ರಿ 8:20

ಈ ಮಾತಿಗೆ ನನ್ನ ಸಹಮತ ಇದೆ. ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್‌ಗೆ ನೀರೆತ್ತಿದ ಮೇಲೆ ಕೆರೆ ಹೇಗೂ ಅರ್ಧಕ್ಕೆ ಇಳಿಯುತ್ತೆ, ಜಿಲೇಬಿ ಒಂದೇ ಕಡೆ ಗುಂಪಾಗುತ್ತೆ. ಆಗ ಬಲೆ ಬಿಡಿಸಿ. ಬರಿದು ಮಾಡುವ ಖರ್ಚೂ ಇಲ್ಲ. ಬೊಡ್ಡೆ ಎಲ್ಲೆಲ್ಲಿವೆ ಅಂತ ಆಗ ಫೋಟೋ ತೆಗೆದಿಟ್ಟುಕೊಳ್ಳಿ, ಕೆರೆ ತುಂಬಿದ ಮೇಲೆ ಗಾಳಕ್ಕೆ ಅದೇ ನಕ್ಷೆ.

ಮಣ್ಣು ಹುಳಿ ಇರೋ ಜಾಗ ನಿಮ್ಮದು. ನೀರಿನ ಪರೀಕ್ಷೆ ಮಾಡಿಸಿ, ಹುಳಿ ಇದ್ದರೆ ಎಕರೆಗೆ 80ರಿಂದ 100 ಕೆಜಿ ಸುಣ್ಣ, ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪವಾಗಿ. ಕೋಡಿಗೆ ಜಾಲರಿ ಹಾಕಿದ ಮೇಲೆ ಮಳೆಗಾಲಕ್ಕೆ ರೋಹು, ಕಾಟ್ಲಾ ಬಿಡಬಹುದು. ಆದರೆ ಬೆರಳುದ್ದಕ್ಕಿಂತ ದೊಡ್ಡ ಮರಿ ಕೇಳಿ. ಸಣ್ಣದು ಬಿಟ್ಟರೆ ಅದು ಕೊರವದ ತಿಂಡಿ.

ಅಂತರಗಂಗೆ ಪೂರ್ತಿ ತೆಗೆಸಬೇಡಿ, ಮುಕ್ಕಾಲು ತೆಗೆಸಿ. ಕೊಳೆತ ಕಳೆ ಮತ್ತು ಮೋಡದ ದಿನ ಎರಡೂ ಸೇರಿದರೆ ಬೆಳಗಿನ ಜಾವ ಆಮ್ಲಜನಕ ಸಾಲದೆ ಗೆಂಡೆಗಳು ಮೇಲೆ ಬಂದು ಬಾಯಿ ಬಿಡ್ತವೆ. ಹಾಗೆ ಕಂಡರೆ ಪಂಪ್ ಹಾಕಿ ಅದೇ ನೀರನ್ನು ಮೇಲಿಂದ ಕೆರೆಗೇ ಚಿಮ್ಮಿಸಿ.

ಬಿಳಿಹೂ · ರಾತ್ರಿ 8:32

ತೆಗೆದ ಅಂತರಗಂಗೆ ಬಿಸಾಕಬೇಡಿ, ಕಾಂಪೋಸ್ಟಿಗೆ ಹಾಕಿ. ಕಾಫಿ ಸಿಪ್ಪೆ ಜೊತೆ ಚೆನ್ನಾಗಿ ಕೊಳೆಯುತ್ತೆ.

ಮೀನೂಟಪ್ರಿಯೆ · ರಾತ್ರಿ 8:40

ಆ ಬಕೆಟ್ ಜಿಲೇಬಿ ಏನಾಯ್ತು?

ತೋಟದಮನೆ · ರಾತ್ರಿ 8:44

ಲೈನ್ ಮನೆಯವರಿಗೆ ಹಂಚಿದೆ. ಕಾಳುಮೆಣಸು ಹಚ್ಚಿ ಹುರಿದು ನಮಗೂ ಕೊಟ್ಟರು. ಮಣ್ಣು ವಾಸನೆ ಇರಲಿಲ್ಲ.

ಮೀನೂಟಪ್ರಿಯೆ · ರಾತ್ರಿ 8:46

ಕಾಳುಮೆಣಸು ಹಾಕಿದ್ರೆ ಚಪ್ಪಲಿಯೂ ರುಚಿ.

ತೋಟದಮನೆ · ರಾತ್ರಿ 8:58

ಮಾರ್ಚ್‌ವರೆಗೆ ಕಾಯೋ ಬದಲು ಈಗಲೇ ಬೀಸುಬಲೆ ತಂದುಕೊಂಡು ನಾನೇ ಸ್ವಲ್ಪ ಸ್ವಲ್ಪ ತೆಗೆದರೆ ಹೇಗೆ? ಎಂಥ ಬಲೆ ತರಲಿ?

ಬೆಂಡುಸೀಸ · ರಾತ್ರಿ 9:10

ತನ್ನಿ. ಕಣ್ಣು ಒಂದಿಂಚಿನ ಒಳಗಿರಲಿ, ಇಲ್ಲದಿದ್ದರೆ ನಿಮ್ಮ ಅಂಗೈ ಜಿಲೇಬಿ ತೂರಿ ಹೋಗ್ತವೆ. ಅಂಚಿಗೆ ಸೀಸದ ಗುಂಡು ಒತ್ತಾಗಿ ಇರೋದು ನೋಡಿ ತಗೊಳ್ಳಿ. ಮೊದಲು ಗದ್ದೆ ಬಯಲಲ್ಲಿ ಬೀಸಿ ಅಭ್ಯಾಸ ಮಾಡಿ, ಗುಂಡಗೆ ಬಿಚ್ಚಿಕೊಳ್ಳಬೇಕು. ಏರಿ ಕಡೆ ಮಾತ್ರ ಬೀಸಿ. ಬೊಡ್ಡೆ ಇರೋ ಕಡೆ ಬೀಸಿದ್ರೆ ಬಲೆ ಅಲ್ಲೇ ಉಳಿಯುತ್ತೆ, ಬಿಡಿಸೋಕೆ ಅಂತ ನೀರಿಗೆ ಇಳಿಯೋ ಸಾಹಸ ಬೇಡ.

ಮಂಡ್ಯದ್‌ಹೈದ · ರಾತ್ರಿ 9:14

ಬೀಸೋವಾಗ ದಾರನ ಕೈಗೆ ಗಂಟು ಹಾಕ್ಕಬೇಡಿ ಅಣ್ಣ, ಸುಮ್ನೆ ಕುಣಿಕೆ ಮಾಡ್ಕಳಿ. ಮತ್ತೆ ಗಡಿಯಾರ, ಉಂಗ್ರ ಬಿಚ್ಚಿಟ್ಟು ಬೀಸಿ, ಎಳೆ ಸಿಕ್ಕಾಕಳುತ್ತೆ.